ಕೊನೆಯ ಸ್ವರ ಬಿಡದ ಆರ್ಗನ್

ಸ್ಕಾರ್ವಿಕ್, ಫೆರೋ ದ್ವೀಪಗಳು
ಜನವರಿ 17, 2022

ಮಾನ್ಯ ಇಲ್ಮಾರಿ ಕೊಸೊಲಾ ಅವರಿಗೆ,

ನಾನು ಸುನ್ನಿವಾ. ಈ ಊರಿನ ಚರ್ಚಿನ ಬೀಗದ ಕೈ, ಮೇಣದ ಬತ್ತಿ, ನೆಲ ಒರೆಸುವ ಬಟ್ಟೆ ಎಲ್ಲವೂ ನನ್ನ ವಶದಲ್ಲಿವೆ. ದೂರು ಕೊಡಲು ನಿಮ್ಮ ಜಾಲತಾಣಕ್ಕೆ ಹೋದೆ. ಅದು ಮೊದಲು ನಾನು ಮನುಷ್ಯಳು ಹೌದೋ ಅಲ್ಲವೋ ಎಂದು ಕೇಳಿತು, ಆಮೇಲೆ ಪಾಸ್‌ವರ್ಡ್ ಕೇಳಿತು. ಈ ವಯಸ್ಸಿನಲ್ಲಿ ಎರಡಕ್ಕೂ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ತಂತ್ರಾಂಶದ ಪರವಾನಗಿಯ ಕೆಳಗೆ ನಿಮ್ಮ ಅಂಚೆ ವಿಳಾಸ ಕಂಡಿತು, ಬರೆಯುತ್ತಿದ್ದೇನೆ. ನನ್ನದು ಡ್ಯಾನಿಷ್. ನೀವು ಫಿನ್‌ಲೆಂಡಿನವರು ಶಾಲೆಯಲ್ಲಿ ಅದಕ್ಕೆ ಹತ್ತಿರದ ಸ್ವೀಡಿಷ್ ಕಲಿತಿರುತ್ತೀರಂತೆ, ಹೇಗೋ ಓದಿಕೊಳ್ಳಿ.

ನಮ್ಮ ಆರ್ಗನ್ ನುಡಿಸುತ್ತಿದ್ದವರು ಮಗಳ ಜೊತೆ ಕೋಪನ್‌ಹೇಗನ್ನಿಗೆ ಹೋದ ಮೇಲೆ ನುಡಿಸುವವರು ಯಾರೂ ಸಿಗಲಿಲ್ಲ. ಪಾದ್ರಿಯೇ ಆರು ವಾರಕ್ಕೊಮ್ಮೆ ದೋಣಿ ಹತ್ತಿ ಬರುವ ಊರಿಗೆ ಆರ್ಗನ್ನಿನವರು ಎಲ್ಲಿಂದ ಬರಬೇಕು? ಶಾಲೆಯ ಟೀಚರ್ ಬ್ಯಾರ್ತಾ, ನನ್ನ ಅಣ್ಣನ ಮಗಳು, ಆರ್ಗನ್ನನ್ನು ತಾನಾಗಿಯೇ ನುಡಿಸುವ ನಿಮ್ಮ ತಂತ್ರಾಂಶ ‘ಪಾಲ್ಯೆ’ಯನ್ನು ಹುಡುಕಿ ತೆಗೆದಳು. ಸಭಾ ಮಂಡಳಿಯ ಅಧ್ಯಕ್ಷ ಸ್ವೆನ್ನಿಂಗ್ ಮೂಗು ಮುರಿದ. “ಪುಕ್ಕಟೆ ಕೊಡ್ತಾನೆ, ಒಳಗಿರೋದನ್ನೂ ಬಿಚ್ಚಿ ತೋರಿಸ್ತಾನೆ, ಬೇಕಾದ್ರೆ ನೀವೇ ತಿದ್ಕೊಳ್ಳಿ ಅಂತಾನೆ. ಆ ಮನುಷ್ಯನಿಗೆ ಏನೋ ಆಗಿರ್ಬೇಕು” ಎಂದ. ಆದರೂ ಸೆಪ್ಟೆಂಬರಿನಿಂದ ಅದೇ ನುಡಿಸುತ್ತಿದೆ. ಪುಟ್ಟ ಕಂಪ್ಯೂಟರು ಆರ್ಗನ್ನಿನ ಬೆಂಚಿನ ಕೆಳಗಿದೆ, ಕೀಲಿಗಳನ್ನು ಒತ್ತುವ ಕಡ್ಡಿಗಳನ್ನು ಬ್ಯಾರ್ತಾಳ ಗಂಡ ಕೂರಿಸಿಕೊಟ್ಟಿದ್ದಾನೆ. ಚೆನ್ನಾಗಿಯೇ ಇತ್ತು.

ದೂರು ಇದು. ನಮ್ಮಲ್ಲಿ ಪ್ರತಿ ಭಾನುವಾರ ಆರಾಧನೆ ಮುಗಿಯುವುದು ಒಂದೇ ಕೀರ್ತನೆಯಿಂದ, ಕಡಲಿಗೆ ಹೋದವರಿಗಾಗಿ ಹಾಡುವುದು. ಈಚೆಗೆ ನಾವು ಕೊನೆಯ ಚರಣ ಹಾಡಿ ಬಾಯಿ ಮುಚ್ಚಿದರೂ ಆರ್ಗನ್ ಕೊನೆಯ ಸ್ವರವನ್ನು ಬಿಡುವುದಿಲ್ಲ. ಹಿಡಿದುಕೊಂಡೇ ಇರುತ್ತದೆ. ಆರ್ಗನ್ ನಿಲ್ಲುವ ತನಕ ಯಾರೂ ಕೂರಬಾರದು ಎಂಬುದು ಇಲ್ಲಿಯ ರೂಢಿ, ಹಾಗಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತೇವೆ. ದಯವಿಟ್ಟು ಸರಿಮಾಡಿಕೊಡಿ.

ಇಂತು,
ಸುನ್ನಿವಾ

*

ರಾಂತಾಸಲ್ಮಿ, ಫಿನ್‌ಲೆಂಡ್
ಜನವರಿ 29, 2022

ಮಾನ್ಯ ಸುನ್ನಿವಾ ಅವರಿಗೆ,

ನನ್ನ ತಂತ್ರಾಂಶಕ್ಕೆ ಬಂದ ಮೊದಲ ಅಂಚೆಯ ದೂರು ನಿಮ್ಮದು. ಓದಿ ಖುಷಿಯಾಯಿತು, ಕ್ಷಮಿಸಿ. ಸ್ವೆನ್ನಿಂಗ್ ಅವರಿಗೆ ಹೇಳಿ, ನನಗೆ ಏನೋ ಆಗಿದೆ ಎಂದು ನನ್ನ ಹೆಂಡತಿಯೂ ಹೇಳುತ್ತಿದ್ದಳು.

ಅದು ದೋಷವಲ್ಲ, ಬೇಕೆಂದೇ ಇಟ್ಟದ್ದು. ನನ್ನ ಅಮ್ಮ ಹಿಲ್ಯಾಗೆ ಕಿವಿ ಮಂದ. ಚರ್ಚಿನಲ್ಲಿ ಹಾಡುವಾಗ ಹಿಂದೆ ಬೀಳುತ್ತಿದ್ದಳು. ಆರ್ಗನ್ ನಿಂತು, ಎಲ್ಲರೂ ನಿಂತು, ಅಮ್ಮನ ಧ್ವನಿ ಒಂದೇ ಉಳಿಯುತ್ತಿತ್ತು, ಜನ ತಿರುಗಿ ನೋಡುತ್ತಿದ್ದರು. ಅದಕ್ಕಾಗಿಯೇ ನಾನು ಪಾಲ್ಯೆಯನ್ನು ಬರೆದದ್ದು. ಮೇಲೆ ತೂಗುಬಿಟ್ಟ ಮೈಕು ಸಭೆಯ ಹಾಡನ್ನು ಕೇಳುತ್ತಿರುತ್ತದೆ. ಕೊನೆಯವರು ಹಾಡಿ ಮುಗಿಸುವ ತನಕ ಆರ್ಗನ್ ಸ್ವರ ಬಿಡುವುದಿಲ್ಲ. ಯಾರನ್ನೂ ಒಂಟಿಯಾಗಿ ಹಾಡಲು ಬಿಡಬಾರದು ಎಂಬುದೊಂದೇ ಅದರ ಧರ್ಮ.

ನಿಮ್ಮಲ್ಲಿ ತೀರಾ ನಿಧಾನವಾಗಿ ಹಾಡುವವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಗಾಳಿ ಇರಬಹುದು. ಕಿಟಕಿಯ ಸಂದು, ಹೀಟರು, ಗಡಿಯಾರ, ಒಂದೊಂದನ್ನೇ ನೋಡಿ ಬರೆಯಿರಿ.

ನಿಮ್ಮ,
ಇಲ್ಮಾರಿ

*

ಸ್ಕಾರ್ವಿಕ್
ಫೆಬ್ರವರಿ 10, 2022

ಇಲ್ಮಾರಿ ಅವರಿಗೆ,

ಕಿಟಕಿಗಳ ಸಂದಿಗೆ ಉಣ್ಣೆ ತುರುಕಿದೆ. ಹೀಟರು ಆರಿಸಿದೆ, ಬೈಸಿಕೊಂಡೆ. ಗಡಿಯಾರ ನಿಲ್ಲಿಸಿದೆ. ಭಾನುವಾರ ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ ಎನ್ನಬಹುದಿತ್ತು, ಈ ಊರಿನಲ್ಲಿ ಮರಗಳಿದ್ದಿದ್ದರೆ. ಆರ್ಗನ್ ಹಿಂದಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿತು. ಮುದುಕಿ ಒಲೆವಿನಾ ಬೆಂಚು ಹಿಡಿದುಕೊಂಡು ನಿಂತಿದ್ದಳು, ಅವಳ ಮೊಣಕಾಲು ನಡುಗುತ್ತಿತ್ತು.

ಬೇರೆ ಕೀರ್ತನೆಗಳಿಗೆ ಹೀಗಾಗುವುದಿಲ್ಲ. ಆ ಒಂದಕ್ಕೇ.

ನಿಧಾನವಾಗಿ ಹಾಡುವವರು ಈಗ ನಮ್ಮಲ್ಲಿ ಯಾರೂ ಇಲ್ಲ.

ಸ್ವೆನ್ನಿಂಗ್ ಮಂಡಳಿಯಲ್ಲಿ ಮಾತೆತ್ತಿದ್ದಾನೆ. “ಇದನ್ನ ಕಿತ್ತು ಬಿಸಾಕೋಣ, ಇಲ್ಲಾಂದ್ರೆ ಬೇರೆ ಏನಾದ್ರೂ ಹಾಕ್ಸೋಣ. ಹೀಗೆ ನಿಂತ್ಕೊಂಡಿರೋಕೆ ನನ್ನ ಕೈಲಂತೂ ಆಗಲ್ಲ” ಎಂದ. ಅವನಿಗೆ ಮನೆಗೆ ಹೋಗಿ ಊಟ ಮಾಡುವ ಆತುರ. ನಾನು ಸ್ವಲ್ಪ ತಾಳಿ ಎಂದೆ. ನೀವೂ ಅವಸರ ಮಾಡಬೇಡಿ.

ಸುನ್ನಿವಾ

*

ರಾಂತಾಸಲ್ಮಿ
ಫೆಬ್ರವರಿ 21, 2022

ಪ್ರಿಯ ಸುನ್ನಿವಾ ಅವರಿಗೆ,

ಒಂದೇ ಕೀರ್ತನೆಗೆ ಎಂದರೆ ಗಾಳಿಯಲ್ಲ. ಆ ಕೀರ್ತನೆಯ ಕೊನೆಯ ಸ್ವರಕ್ಕೆ ಚರ್ಚಿನ ಯಾವುದೋ ಹಲಗೆಯೋ ಗಾಜೋ ಅದುರುತ್ತಿರಬಹುದು. ಮೈಕು ಅದನ್ನೇ ಮನುಷ್ಯರ ಧ್ವನಿ ಎಂದುಕೊಂಡು ಮೋಸಹೋಗಿದೆ. ಇದು ನನ್ನ ಬಲವಾದ ಅನುಮಾನ.

ಸಣ್ಣದೊಂದು ಸೇರ್ಪಡೆ ಬರೆದಿದ್ದೇನೆ, ಬ್ಯಾರ್ತಾ ಅವರು ಇಳಿಸಿಕೊಳ್ಳಲಿ. ಎಲ್ಲರೂ ಹಾಡು ನಿಲ್ಲಿಸಿದ ಮೇಲೆ ಮೈಕಿಗೆ ಏನು ಕೇಳಿಸುತ್ತದೋ ಅದನ್ನಷ್ಟೇ ಅದು ಧ್ವನಿಮುದ್ರಿಸಿ ಇಡುತ್ತದೆ. ಕೆಲವು ಭಾನುವಾರಗಳದ್ದನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಕಳಿಸಿ.

ಇನ್ನೊಂದು ಸುದ್ದಿ. ಪಾಲ್ಯೆಯ ಹೊಸ ಆವೃತ್ತಿ ಮೇ ತಿಂಗಳಲ್ಲಿ ಬರುತ್ತದೆ. ದೊಡ್ಡ ಊರುಗಳ ಚರ್ಚುಗಳವರು ಬಹಳ ದಿನದಿಂದ ಗೊಣಗುತ್ತಿದ್ದರು, ಅವರಿಗೆ ಮುಂದಿನ ಆರಾಧನೆಯ ಹೊತ್ತು ಮೀರುತ್ತದೆ. ತಂತ್ರಾಂಶ ನನ್ನೊಬ್ಬನದಲ್ಲ, ಅದಕ್ಕೆ ದುಡಿದವರೆಲ್ಲ ಸೇರಿ ತೀರ್ಮಾನಿಸಿದರು. ಹೊಸದು ಒಂದು ಉಸಿರಿನಷ್ಟು ಕಾದು ಸ್ವರ ಬಿಟ್ಟುಬಿಡುತ್ತದೆ, ಯಾರು ಹಾಡುತ್ತಿದ್ದರೂ ಸರಿ. ನಿಮ್ಮ ತೊಂದರೆಯೂ ಅಲ್ಲಿಗೆ ಮುಗಿಯಿತು.

ನಿಮ್ಮ,
ಇಲ್ಮಾರಿ

*

ಸ್ಕಾರ್ವಿಕ್
ಮಾರ್ಚ್ 14, 2022

ಇಲ್ಮಾರಿ ಅವರಿಗೆ,

ಕಾರ್ಡು ಇದರ ಜೊತೆಗಿದೆ. ಮೂರು ಭಾನುವಾರಗಳದ್ದು. ಬ್ಯಾರ್ತಾ “ನಾವೇ ಕೇಳೋಣ್ವಾ ಅತ್ತೆ?” ಎಂದಳು. ಬೇಡ ಎಂದು ಅವಳ ಕೈಯಿಂದ ಕಿತ್ತುಕೊಂಡೆ. ನಾನೂ ಕೇಳಿಲ್ಲ.

ಹೊಸ ಆವೃತ್ತಿಯ ವಿಷಯ ಸ್ವೆನ್ನಿಂಗನ ಕಿವಿಗೆ ಬಿದ್ದಿದೆ. ಮೇ ಎರಡನೆಯ ಭಾನುವಾರದ ಮುಂಚೆ ಹಾಕಿಸಿಯೇ ತೀರುತ್ತೇನೆ ಎನ್ನುತ್ತಿದ್ದಾನೆ. ಊರಿನಲ್ಲಿ ಯಾರೂ ಬೇಡ ಎನ್ನುತ್ತಿಲ್ಲ.

ಹೊಸದನ್ನು ಹಾಕಲೇಬೇಕೆಂಬ ಕಾನೂನು ಇದೆಯೇ? ನನಗೆ ಒಂದು ಸಾಲಿನಲ್ಲಿ ಬರೆದುಕೊಡಿ, ಇಲ್ಲ ಎಂದು. ಮಂಡಳಿಗೆ ತೋರಿಸುತ್ತೇನೆ. ಯಾರು ಹಾಡುತ್ತಿದ್ದರೂ ಸ್ವರ ಬಿಟ್ಟುಬಿಡುತ್ತದೆ ಎಂದು ಎಷ್ಟು ಸುಲಭವಾಗಿ ಬರೆದಿರಿ. ಯಾರನ್ನೂ ಒಂಟಿಯಾಗಿ ಹಾಡಲು ಬಿಡಬಾರದು ಎಂದವರು ನೀವೇ ಅಲ್ಲವೇ?

ದೂರು ವಾಪಸು ತೆಗೆದುಕೊಳ್ಳುತ್ತೇನೆ. ಸರಿಮಾಡಬೇಡಿ.

ಸುನ್ನಿವಾ

*

ಸ್ಕಾರ್ವಿಕ್
ಏಪ್ರಿಲ್ 4, 2022

ಇಲ್ಮಾರಿ,

ನಿಮ್ಮಿಂದ ಉತ್ತರವೇ ಇಲ್ಲ. ಹಲಗೆ, ಗಾಜು ಎಂದು ಬರೆಯಲು ಎರಡು ನಿಮಿಷ ಸಾಕಿತ್ತು. ಬರೆಯಲಿಲ್ಲ ಎಂದರೆ ಕಾರ್ಡಿನಲ್ಲಿ ಹಲಗೆಯೂ ಇಲ್ಲ, ಗಾಜೂ ಇಲ್ಲ.

ಹಾಗಾದರೆ ನಾನೇ ಹೇಳುತ್ತೇನೆ. ಹಾನುಸ್ ನನ್ನ ಗಂಡ. ಪಾದ್ರಿ ಬಾರದ ಭಾನುವಾರಗಳಲ್ಲಿ ಪ್ರಸಂಗ ಓದುವವನೂ, ಹಾಡು ಎತ್ತಿಕೊಡುವವನೂ ಅವನೇ. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿ ಆರ್ಗನ್ ಇರಲಿಲ್ಲ. ಒಂದೊಂದು ಅಕ್ಷರವನ್ನೂ ಎಳೆದು ಎಳೆದು, ಒಬ್ಬೊಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಸುತ್ತಾಡಿ ಬಂದು ಕೊನೆಗೆ ಒಟ್ಟಿಗೆ ಸೇರುತ್ತಿದ್ದರು. ಹಾನುಸ್ ಆ ಹಾಡುಗಾರಿಕೆಯ ಕೊನೆಯವನು. ಅವನು ಆಮೆನ್ ಮುಟ್ಟುವಷ್ಟರಲ್ಲಿ ಮನೆಯಲ್ಲಿ ಸಾರು ಆರಿ ಮೇಲೆ ಕೆನೆ ಕಟ್ಟುತ್ತದೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಮುಗಿಸಿದ ಮೇಲೆ ಕೀರ್ತನೆ ಪುಸ್ತಕವನ್ನು ಧಪ್ಪೆಂದು ಮುಚ್ಚುವುದು ಬೇರೆ. ಮಲಗಿದ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ಮದುವೆಯಾದಾಗಿನಿಂದ ಬೈದೆ, ಬಿಡಲಿಲ್ಲ.

ನಿಮ್ಮ ಯಂತ್ರ ಬಂದ ಮೊದಲ ಭಾನುವಾರ ಅವನು ಬೇಕೆಂದೇ ಕೊನೆಯ ಸಾಲನ್ನು ಎಂದಿಗಿಂತ ಹೆಚ್ಚು ಎಳೆದ. ಯಂತ್ರ ಕಾಯಿತು. ಇನ್ನೂ ಎಳೆದ. ಅದೂ ಕಾಯಿತು. ಮನೆಗೆ ಬಂದು ಟೋಪಿ ತೆಗೆದು, “ಮರ್ಯಾದೆ ಗೊತ್ತಿರೋ ಯಂತ್ರ ಕಣೇ. ನಿನಗಿಂತ ವಾಸಿ” ಎಂದ.

ನವೆಂಬರಿನಲ್ಲಿ ಬಲೆ ತೆಗೆಯಲು ದೋಣಿಯಲ್ಲಿ ಹೋದ. ದೋಣಿ ಸಿಕ್ಕಿತು, ಬದಲಿಗೆಂದು ನಾನು ಕಟ್ಟಿಕೊಟ್ಟ ಕಾಲುಚೀಲದ ಗಂಟು ಸಿಕ್ಕಿತು, ಅವನು ಸಿಗಲಿಲ್ಲ. ಮಣ್ಣು ಮಾಡಲು ಏನೂ ಇಲ್ಲ. ಕಡಲಿಗೆ ಹೋದವರ ಕೀರ್ತನೆಯನ್ನು ನಾವು ಹಾಡುತ್ತಲೇ ಇದ್ದೇವೆ.

ಕೊನೆಯ ಸ್ವರ ಹಿಡಿದುಕೊಂಡಾಗ ನನ್ನ ಕಿವಿಗೆ ಏನೂ ಬೀಳುವುದಿಲ್ಲ, ಇಲ್ಮಾರಿ. ಕಿವಿಯನ್ನೆಲ್ಲ ಅಲ್ಲೇ ಇಟ್ಟು ನಿಲ್ಲುತ್ತೇನೆ, ಬರೀ ಆರ್ಗನ್. ಆದರೆ ಅದು ಕಾಯುವ ಜಾಗ ನನಗೆ ಗೊತ್ತು. ವಾರವಿಡೀ ಭಾನುವಾರಕ್ಕಾಗಿ ಬದುಕುತ್ತೇನೆ. ಸ್ವೆನ್ನಿಂಗ್ ಹೊಸ ಆವೃತ್ತಿ ಹಾಕಿಸಿಬಿಟ್ಟರೆ ನನಗೆ ಅವನು ಇನ್ನೊಮ್ಮೆ ಹೋದ ಹಾಗೆ.

ಕಾರ್ಡಿನಲ್ಲಿ ಏನಿದೆ? ಅದನ್ನಷ್ಟು ಹೇಳಿ. ಆಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ.

ಸುನ್ನಿವಾ

*

ರಾಂತಾಸಲ್ಮಿ
ಏಪ್ರಿಲ್ 19, 2022

ಪ್ರಿಯ ಸುನ್ನಿವಾ ಅಕ್ಕ,

ಹೀಗೆ ಕರೆಯಬಹುದೇ? ‘ಮಾನ್ಯ’ ಎಂದು ಬರೆಯಲು ಕೈ ಬರುತ್ತಿಲ್ಲ.

ಕಾರ್ಡು ತಲುಪಿದ ದಿನವೇ ಕೇಳಿದೆ. ಗಾಳಿ ಎಂದು ನಿಮಗೆ ಪತ್ರ ಬರೆದೆ, ಹರಿದು ಹಾಕಿದೆ. ಗಾಜು ಎಂದು ಬರೆದೆ, ಅದನ್ನೂ ಹರಿದೆ. ಆಮೇಲೆ ಸ್ಪೀಕರಿನ ತಂತಿ ಕಿತ್ತು ಅಟ್ಟದ ಮೇಲಿಟ್ಟೆ. ನನಗೆ ಹೆದರಿಕೆಯಾಯಿತು. ಎಂಜಿನಿಯರ್ ಎಂದು ಹೇಳಿಕೊಂಡು ತಿರುಗುವವನು ದೀಪ ಹಾಕಿಕೊಂಡು ಮಲಗಿದೆ.

ಅದು ಗಂಡಸಿನ ಧ್ವನಿ. ತುಸು ಒಡಕು, ತುಂಬ ನಿಧಾನ. ಮಾತು ನನಗೆ ತಿಳಿಯದು, ಆದರೆ ರಾಗ ನಮ್ಮಲ್ಲೂ ಇದೆ. ಮೊದಲ ಭಾನುವಾರ ನೀವೆಲ್ಲ ಮುಗಿಸಿದಾಗ ಆ ಧ್ವನಿ ಕೊನೆಯ ಚರಣದ ಕೊನೆಯ ಸಾಲಿನಲ್ಲಿದೆ. ಎರಡನೆಯ ಭಾನುವಾರ ಚರಣದ ನಡುವೆ. ಮೂರನೆಯ ಭಾನುವಾರ ಕೊನೆಯ ಚರಣವನ್ನು ಆಗಷ್ಟೇ ಎತ್ತಿಕೊಳ್ಳುತ್ತಿದೆ. ನೀವು ಕಾದಷ್ಟೂ ಹಿಂದೆ ಹಿಂದೆ ಹೋಗುತ್ತಿದೆ. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಹೇಳಿದ್ದು ನನ್ನ ಅಮ್ಮ.

ನಿಮ್ಮ ಈ ಕೊನೆಯ ಪತ್ರ ಬಂದ ಮೇಲೆ ತಂತಿ ಮತ್ತೆ ಸಿಕ್ಕಿಸಿ ಕೇಳುತ್ತಿದ್ದೆ. ಅಮ್ಮ ಅಡಿಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಬಾಗಿಲ ಗಂಟೆ ಹೊಡೆದರೂ, ಕೈಯಿಂದ ಪಾತ್ರೆ ಜಾರಿ ಬಿದ್ದರೂ ಕೇಳಿಸದವಳು. ಅಲ್ಲಿಂದ ಹಾಡಲು ಶುರುಮಾಡಿದಳು. ನಿಮ್ಮ ಕಾರ್ಡಿನ ಧ್ವನಿಗೆ ಸರಿಯಾಗಿ, ಅದೇ ಅಕ್ಷರದಲ್ಲಿ, ಅದೇ ಉಸಿರಿನಲ್ಲಿ. ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಕೂಗಿ ಕೇಳಿದೆ, “ಏನಮ್ಮಾ, ಯಾರ ಜೊತೆ ಹಾಡ್ತಿದ್ದೀಯ?”

“ಅವನ ಜೊತೆ. ಸುಸ್ತಾಗಿದ್ದಾನೆ ಪಾಪ. ಯಾರು ಅವನನ್ನ ಹಿಡ್ಕೊಂಡಿರೋದು?” ಎಂದಳು.

ಯಾರೂ ಹಿಡಿದುಕೊಂಡಿಲ್ಲ, ಅವನಿಗಾಗಿ ಕಾಯುತ್ತಿದ್ದಾರೆ ಎಂದೆ.

“ಎರಡೂ ಒಂದೇ ಕಣೋ. ಅಷ್ಟು ಜನ ಬಾಯಿ ಮುಚ್ಕೊಂಡು ಕಾಯ್ತಾ ನಿಂತ್ರೆ ನಡುವೆ ನಿಲ್ಲಿಸೋಕಾಗುತ್ತಾ? ನೀನು ನಂಗೇಂತ ಆ ಯಂತ್ರ ಮಾಡಿದೆಯಲ್ಲ, ಅದು ಕಾಯೋಕೆ ಶುರುಮಾಡಿದ್ಮೇಲೆ ನಂಗೆ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ? ಎಲ್ರೂ ನನ್ನ ಬಾಯೇ ನೋಡ್ತಿದ್ರು. ಗಾಬರಿಗೆ ಇನ್ನೂ ಹಿಂದೆ ಬೀಳ್ತಿದ್ದೆ. ನಂಗೆ ಕಾಯೋರು ಬೇಕಿರ್ಲಿಲ್ಲ ಇಲ್ಮಾರಿ. ಜೊತೆಗೆ ಹಾಡೋರು ಬೇಕಿತ್ತು.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ” ಎಂದು ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. ನನಗೆ ಅಳು ಬಂತು. ಊರೂರಿನ ಚರ್ಚುಗಳು ಹೊಗಳಿ ಹಾಕಿಕೊಂಡ ಒಳ್ಳೆಯತನ ಅದು, ಯಾರಿಗಾಗಿ ಮಾಡಿದೆನೋ ಅವಳಿಗೇ ಭಾರವಾಗಿತ್ತು.

ಅಕ್ಕ, ಹೊಸ ಆವೃತ್ತಿ ಹಾಕಲೇಬೇಕೆಂಬ ಕಾನೂನಿಲ್ಲ. ನಿಮಗೆ ಬೇಕಾದ ಆ ಒಂದು ಸಾಲು ಇದೇ. ಕಾಯುವುದನ್ನು ನಿಲ್ಲಿಸುವುದೂ ನಿಮ್ಮ ಕೈಯಲ್ಲೇ ಇದೆ. ಪಾಲ್ಯೆಯ ಮೂಲ ಬರಹದಲ್ಲಿ ‘ಅಮ್ಮನಿಗಾಗಿ’ ಎಂದು ನಾನು ಬರೆದಿಟ್ಟ ಟಿಪ್ಪಣಿ ಇದೆ, ಅದರ ಕೆಳಗಿನ ಸಾಲು. ಬ್ಯಾರ್ತಾಗೆ ತೋರಿಸಿದರೆ ಅಳಿಸಿಕೊಡುತ್ತಾಳೆ. ಸ್ವೆನ್ನಿಂಗ್ ಆಗಲಿ, ನಾನಾಗಲಿ, ಆ ದೊಡ್ಡ ಚರ್ಚುಗಳವರಾಗಲಿ ಅದನ್ನು ನಿಮಗಾಗಿ ತೀರ್ಮಾನಿಸಬಾರದು.

ಅಮ್ಮ ಹೇಳಿದ್ದನ್ನು ಮುಚ್ಚಿಡಲು ಮನಸ್ಸಾಗಲಿಲ್ಲ, ಬರೆದಿದ್ದೇನೆ. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ.

ನಿಮ್ಮ,
ಇಲ್ಮಾರಿ

*

ಸ್ಕಾರ್ವಿಕ್
ಮೇ 9, 2022

ಇಲ್ಮಾರಿ, ತಮ್ಮಾ,

ಕೋಪ ಬಂತು. ನಿನ್ನ ಪತ್ರವನ್ನು ಒಲೆಗೆ ಹಾಕಲು ಹೋದೆ. ಕೈಯಲ್ಲೇ ಹಿಡಿದುಕೊಂಡು ಬಂದರಿನ ತನಕ ನಡೆದೆ, ವಾಪಸು ಬಂದೆ. ಅವನು ದಣಿದಿದ್ದಾನೆ ಎಂಬುದನ್ನು ಫಿನ್‌ಲೆಂಡಿನ ಒಬ್ಬ ಕಿವುಡಿ ಹೇಳಬೇಕಾಯಿತೇ ಎಂದು ಹೊಟ್ಟೆ ಉರಿಯಿತು. ಹೆಂಡತಿ ನಾನು. ಹಿಡಿದುಕೊಂಡವಳೂ ನಾನೇ.

ಶನಿವಾರ ಸ್ವೆನ್ನಿಂಗನ ಮನೆಗೆ ಹೋದೆ. ಹೊಸ ಆವೃತ್ತಿ ಹಾಕಿಸಬೇಡ, ನಾಳೆ ಒಂದು ದಿನ ನನಗೆ ಬಿಡು ಎಂದೆ. ಯಾಕೆ ಎಂದು ನಾನು ಹೇಳುವ ಮೊದಲೇ ಅವನೇ ಕುರ್ಚಿ ಎಳೆದು ಕೂರಿಸಿದ.

“ಅದು ಯಾರಿಗೆ ಕಾಯ್ತಿದೆ ಅಂತ ಇಡೀ ಊರಿಗೆ ಗೊತ್ತು ಸುನ್ನಿವಾ. ನಾವೇನು ಹಾನುಸನ ಜೊತೆ ಹಾಡಿದವರಲ್ವಾ? ಆ ಸ್ವರ ಹಿಡ್ಕೊಂಡು ನಿಂತಾಗೆಲ್ಲ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ ನನಗೆ. ಅದಕ್ಕೇ ಹೊಸದು ಹಾಕ್ಸಿ ಮುಗಿಸೋಣ ಅಂದಿದ್ದು. ನನ್ನ ಊಟಕ್ಕಲ್ಲ.”

ಇಷ್ಟು ದಿನ ಅವನನ್ನು ಹೊಟ್ಟೆಬಾಕ ಎಂದುಕೊಂಡಿದ್ದೆ. ನಿನಗೂ ಹಾಗೆಯೇ ಬರೆದೆ. ಹೊಡೆದುಹಾಕು ಆ ಮಾತನ್ನು.

ನಿನ್ನೆ ಆರಾಧನೆ ಎಂದಿನಂತೆ ನಡೆಯಿತು. ಕಡಲಿನ ಕೀರ್ತನೆ ಬಂತು, ಯಂತ್ರ ನುಡಿಸಿತು, ನಾವು ಹಾಡಿ ಮುಗಿಸಿದೆವು. ಅದು ಕೊನೆಯ ಸ್ವರ ಹಿಡಿದುಕೊಂಡಿತು. ಆಗ ನಾನು ನಡೆದುಹೋಗಿ ಆರ್ಗನ್ನಿನ ಗುಂಡಿ ಒತ್ತಿ ಅದನ್ನು ಆರಿಸಿದೆ. ತಿರುಗಿ ನಿಂತು ಹೇಳಿದೆ, “ಅವರು ಕೊನೇ ಚರಣದ ಶುರುವಲ್ಲಿದ್ದಾರಂತೆ. ಹೋಗಿ ಕರ್ಕೊಂಡು ಬರೋಣ.”

ಸ್ವೆನ್ನಿಂಗ್ ಎತ್ತಿಕೊಂಡ. ಅವನ ಶಾರೀರ ದೇವರಿಗೇ ಪ್ರೀತಿ, ಆದರೂ ಎತ್ತಿಕೊಂಡ. ಹಳೆಯ ರೀತಿಯಲ್ಲಿ, ಒಂದೊಂದು ಅಕ್ಷರವನ್ನೂ ಎಳೆದು. ಕೂತಿದ್ದ ಒಲೆವಿನಾ ಎದ್ದು ನಿಂತಳು. ಚಿಕ್ಕವರಿಗೆ ಹೀಗೆ ಹಾಡಿ ಗೊತ್ತೇ ಇಲ್ಲ, ಹಿರಿಯರ ಬಾಯಿ ನೋಡಿಕೊಂಡು ಹಾಡಿದರು. ಹಾಡುತ್ತಾ ಹಾಡುತ್ತಾ ನಾವು ಎಷ್ಟು ನಿಧಾನವಾದೆವೆಂದರೆ ಒಂದು ಸಾಲು ಮುಗಿಯುವ ಹೊತ್ತಿಗೆ ಕಿಟಕಿಯ ಬೆಳಕು ಬೆಂಚಿನಿಂದ ಗೋಡೆಗೆ ಹೋಗಿತ್ತು. ನಮ್ಮ ನಡುವೆ ಎಲ್ಲೋ ಚಳಿ ಇತ್ತು, ಹಸಿ ಉಣ್ಣೆಯ ವಾಸನೆ ಇತ್ತು. ನಾನು ತಲೆ ಎತ್ತಲಿಲ್ಲ. ಕೊನೆಯ ಅಕ್ಷರಕ್ಕೆ ನಾವೆಲ್ಲ ಒಟ್ಟಿಗೇ ಬಂದು ಸೇರಿದೆವು, ಒಟ್ಟಿಗೇ ಬಾಯಿ ಮುಚ್ಚಿದೆವು.

ಆಗ ಪುಸ್ತಕ ಮುಚ್ಚಿದ ಸದ್ದಾಯಿತು. ಧಪ್ಪೆಂದು.

ಯಾರ ಕೈಯಲ್ಲೂ ಪುಸ್ತಕ ಇರಲಿಲ್ಲ, ಆ ಚರಣ ನಮಗೆಲ್ಲ ಬಾಯಿಪಾಠ. ಎಲ್ಲರೂ ಕೇಳಿಸಿಕೊಂಡರು. ಬ್ಯಾರ್ತಾಳ ಕೂಸು ಬೆಚ್ಚಿ ಎದ್ದು ಕಿರುಚಿತು. ಅದನ್ನು ಎತ್ತಿ ತಟ್ಟುತ್ತಾ ಅವಳು, “ನೋಡು, ಈ ಹಾನುಸ್ ಮಾವಂಗೆ ಇನ್ನೂ ಬುದ್ಧಿ ಬಂದಿಲ್ಲ” ಎಂದಳು. ಒಲೆವಿನಾ ಮೊದಲು ನಕ್ಕಳು. ಆಮೇಲೆ ಚರ್ಚು ಪೂರ್ತಿ ನಕ್ಕಿತು. ನಾನೂ ನಕ್ಕೆ, ಇಲ್ಮಾರಿ, ಕರವಸ್ತ್ರ ಬಾಯಿಗಿಟ್ಟುಕೊಂಡು.

ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಉಳಿದೆ. ‘ಅಮ್ಮನಿಗಾಗಿ’ ಎಂಬುದರ ಕೆಳಗಿನ ಸಾಲನ್ನು ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಯಂತ್ರವನ್ನು ಮತ್ತೆ ಹಾಕಿ, ಅದೇ ಕೀರ್ತನೆಯ ಕೊನೆಯ ಚರಣವನ್ನು ನುಡಿಸಲು ಬಿಟ್ಟು, ಒಬ್ಬಳೇ ನಿಂತು ಹಾಡಿದೆ.

ನಾನು ಮುಗಿಸಿದೆ, ಅದೂ ಮುಗಿಸಿತು. ಒಂದು ಉಸಿರಿನಷ್ಟೂ ಕಾಯಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ, ನವೆಂಬರಿನಲ್ಲಿ ಅಳಬೇಕಾಗಿದ್ದುದನ್ನು. ಆಮೇಲೆ ನೆಲ ಒರೆಸಿದೆ. ಹಾನುಸ್ ನಿಲ್ಲುತ್ತಿದ್ದ ಮೂರನೆಯ ಬೆಂಚಿನ ಹತ್ತಿರ, ನಾನು ಒರೆಸುವ ಮೊದಲೇ ಒದ್ದೆಯಾಗಿತ್ತು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಭಾನುವಾರ ಅವಳನ್ನು ಚರ್ಚಿಗೆ ಕರೆದುಕೊಂಡು ಹೋಗು, ಪಕ್ಕದಲ್ಲಿ ನಿಂತು ಅವಳಷ್ಟೇ ನಿಧಾನವಾಗಿ ಹಾಡು.

ನನ್ನ ದೂರು ಮುಗಿದಿದೆ ಎಂದು ಬರೆದುಕೋ.

ನಿನ್ನ ಅಕ್ಕ,
ಸುನ್ನಿವಾ